ಹೊಲಿಗೆಯ ಗಾಯ

ಅಮೃತಾಪುರವೆಂದರೆ ನಿಮಗೆ 1196ರ ಹೊಯ್ಸಳ ದೇವಾಲಯ; ನನಗೆ ಅಜ್ಜಿಯ ಮನೆ. ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಂಡು ಅಲ್ಲಿಗೆ ಬಂದಾಗ ಅವಳು ಅರಿಸಿನ, ಕೊಬ್ಬರಿ ಎಣ್ಣೆ ಕಲಸಿಟ್ಟುಕೊಂಡೇ ಕೂತಿದ್ದಳು. ಡಾಕ್ಟರು ಹೇಳಿದ್ದೇ ಬೇರೆ: ಏನೂ ಹಚ್ಚಬೇಡಿ, ಒದ್ದೆ ಮಾಡಬೇಡಿ, ಸೋಪಿನಲ್ಲಿ ಕೈ ತೊಳೆಯದೆ ಪಟ್ಟಿ ಮುಟ್ಟಬೇಡಿ. ಎರಡು ದಿನ ಜಗಳ.

ಗಾಯದಲ್ಲಿ ಕೀವಾದರೆ ಒಳ್ಳೆಯದೆಂದು ಯುರೋಪಿನ ವೈದ್ಯರೇ ಶತಮಾನಗಳ ಕಾಲ ನಂಬಿದ್ದರು. 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್ ಕೈ ತೊಳೆಯಿರೆಂದಾಗ ಅನೇಕರು ಸಿಡುಕಿದರು. 1867ರಲ್ಲಿ ಲಿಸ್ಟರ್ ಕಾರ್ಬಾಲಿಕ್ ಆಮ್ಲದ ಪಟ್ಟಿಯ ವಿಚಾರ ಪ್ರಕಟಿಸಿದ. ಇದನ್ನೆಲ್ಲ ಅಜ್ಜಿಗೆ ಹೇಳಿದೆ.

“ಬಾಣಂತಿ ಬಟ್ಟೆ ನಾವು ಕುದಿಸ್ತಿರಲಿಲ್ವೇನೋ?” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಮೂರನೆಯ ದಿನ ಹೊಲಿಗೆಯ ಸುತ್ತ ಕೆಂಪಾಗಿ ಬಿಸಿಯಾಯಿತು. ನನ್ನನ್ನು ತರೀಕೆರೆ ಬಸ್ಸಿಗೆ ಹತ್ತಿಸಿದವಳು ಅವಳೇ. ಅರಿಸಿನದ ಬಟ್ಟಲು ಒಲೆಯ ಮೂಲೆಯಲ್ಲೇ ಉಳಿಯಿತು.