ಹರಿಯುವ ನೀರು ಮತ್ತು ಕಾಂತೀಯ ಅನುರಣನ: ಬೆಂಗಳೂರಿನ ಒಂದು ಪ್ರಯೋಗದ ಇತಿಹಾಸ

ಬೆಂಗಳೂರು ದಂಡಿನ ಶಿವಾಜಿನಗರದಲ್ಲಾಗಲಿ, ಅದರ ಪೂರ್ವಕ್ಕಿರುವ ಹಲಸೂರು ಇಂದಿರಾನಗರಗಳಲ್ಲಾಗಲಿ ಎಂ.ಆರ್.ಐ. ಎಂಬ ಹೆಸರು ಇಂದು ಯಾರಿಗೂ ಅಪರಿಚಿತವಲ್ಲ. ಅದು ಪಾಶ್ಚಾತ್ಯರಿಂದ ಬಂದ ಸಾಧನವೆಂಬುದು ಸಾಮಾನ್ಯರ ತಿಳಿವಳಿಕೆ. ಯಂತ್ರದ ಮಟ್ಟಿಗೆ ಇದು ಸರಿ. ಅದರ ಹಿಂದಿರುವ ಭೌತತತ್ತ್ವದ ಮಟ್ಟಿಗೆ ಪೂರ್ಣ ಸರಿಯೆನ್ನಲಾಗದು. ದಂಡು ಮತ್ತು ನಗರಗಳೆರಡೂ 1949ರಲ್ಲಿ ಒಂದೇ ಕಾರ್ಪೊರೇಷನ್ನಿನ ಆಡಳಿತಕ್ಕೆ ಬಂದುವು. ಅದಾದ ಎರಡು ವರ್ಷಗಳಿಗೆ, ಊರಿನ ಮತ್ತೊಂದು ದಿಕ್ಕಿನಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವಗಳ ಬೈಜಿಕ ಅನುರಣನವನ್ನು ಕುರಿತ ಒಂದು ಕಿರುಲೇಖನವನ್ನು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಬ್ಲಾಕ್ ಮತ್ತು ಪರ್ಸೆಲ್ ತಂಡಗಳು ಈ ಅನುರಣನವನ್ನು ಪ್ರಕಟಪಡಿಸಿದ್ದು 1946ರಲ್ಲಿ. ಪ್ರಬಲ ಕಾಂತಕ್ಷೇತ್ರದಲ್ಲಿಟ್ಟ ನೀರಿನ ಜಲಜನಕ ಬೀಜಗಳು ತಕ್ಕ ಆವೃತ್ತಿಯ ರೇಡಿಯೋ ತರಂಗದಿಂದ ಶಕ್ತಿಯನ್ನು ಹೀರುತ್ತವೆ. ತರಂಗವು ಹೆಚ್ಚು ಪ್ರಬಲವಾದರೆ ಬೀಜಗಳು ಸಂತೃಪ್ತಗೊಂಡು ಸಂಕೇತ ಕುಗ್ಗುತ್ತದೆ. ಅವು ಪೂರ್ವಸ್ಥಿತಿಗೆ ಮರಳಲು ಹಿಡಿಯುವ ಅವಧಿಗೆ ವಿಶ್ರಾಂತಿಕಾಲವೆಂದು ಹೆಸರು. ಶುದ್ಧ ನೀರಿನಲ್ಲಿ ಇದು ಕೆಲವು ಸೆಕೆಂಡುಗಳಷ್ಟು ದೀರ್ಘ. ಸೂರ್ಯನ್ ಅವರು ನಿಂತ ನೀರಿಗೆ ಬದಲಾಗಿ ಹರಿಯುವ ನೀರನ್ನು ಪರೀಕ್ಷಿಸಿದಾಗ ಕುಗ್ಗಿದ್ದ ಸಂಕೇತ ಮತ್ತೆ ಬಲಗೊಂಡಿತು. ಸಂತೃಪ್ತ ಬೀಜಗಳು ಸುರುಳಿಯಿಂದಾಚೆಗೆ ಸಾಗಿ, ಅವುಗಳ ಸ್ಥಾನಕ್ಕೆ ಹೊಸ ಬೀಜಗಳು ಬಂದುದೇ ಕಾರಣ. ಎಂಟು ವರ್ಷಗಳ ತರುವಾಯ, 1959ರಲ್ಲಿ, ಅಮೆರಿಕದ ಸಿಂಗರ್ ಜೀವಂತ ಇಲಿಯ ಬಾಲದ ರಕ್ತಪ್ರವಾಹವನ್ನು ಇದೇ ಅನುರಣನದ ನೆರವಿನಿಂದ ಅಳೆದನು.

ಸಂಕೇತದಿಂದ ಚಿತ್ರ ರಚಿಸುವ ಮಾರ್ಗವನ್ನು 1973ರಲ್ಲಿ ಲಾಟರ್ಬರ್ ತೋರಿದನು. ಫೂರಿಯೇ ಗಣಿತದ ಮೂಲಕ ಅದನ್ನು ಸಾಧಿಸುವ ಕ್ರಮವನ್ನು 1975ರಲ್ಲಿ ಜ್ಯೂರಿಕ್‌ನಿಂದ ಪ್ರಕಟಿಸಿದ ಮೂವರು ಕುಮಾರ್, ವೆಲ್ಟಿ ಮತ್ತು ಅರ್ನ್‌ಸ್ಟ್. ಮೊದಲ ಹೆಸರಿನ ಅನಿಲ್ ಕುಮಾರ್ ಅವರು ಮುಂದೆ ಸೂರ್ಯನ್ ಅವರ ಸಂಸ್ಥೆಯಲ್ಲಿಯೇ ಪ್ರಾಧ್ಯಾಪಕರಾದರು. ಪಠ್ಯಪುಸ್ತಕಗಳು ಅರ್ನ್‌ಸ್ಟನಲ್ಲಿಗೆ ನಿಂತುಬಿಡುವುದು ವಿಷಾದಕರ.

ಸೂರ್ಯನ್ ಅವರ ಪ್ರಯೋಗವು ಚರಿತ್ರೆಯ ವಸ್ತುವಾಗಿ ಮಾತ್ರ ಉಳಿದಿಲ್ಲ. ಜೀವಕೋಶದಲ್ಲಿ ಆಮ್ಲಜನಕದಿಂದ ಹುಟ್ಟುವ ಉಗ್ರ ಸಂಯುಕ್ತಗಳು ಅವನ್ನು ತಡೆಯುವ ಶಕ್ತಿಯನ್ನು ಮೀರಿದಾಗ ಉಂಟಾಗುವ ಸ್ಥಿತಿಯನ್ನು ಉತ್ಕರ್ಷಣ ಒತ್ತಡವೆನ್ನುತ್ತಾರೆ. 1985ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ಈ ಕಲ್ಪನೆಗೆ ಸ್ಪಷ್ಟರೂಪ ಕೊಟ್ಟನು. ಆ ಸಂಯುಕ್ತಗಳು ಕ್ಷಣಾರ್ಧದಲ್ಲಿ ಅಳಿಯುವುದರಿಂದ ಎಂ.ಆರ್.ಐ. ಅವನ್ನು ನೇರವಾಗಿ ಚಿತ್ರಿಸಲಾರದು. ಅದಕ್ಕಾಗಿ ನೈಟ್ರಾಕ್ಸೈಡ್ ಎಂಬ ವರ್ಗದ ದ್ರವ್ಯವನ್ನು ಪ್ರಾಣಿಯ ದೇಹಕ್ಕೆ ಸೇರಿಸುತ್ತಾರೆ. ಅದರಲ್ಲಿ ಜೊತೆಯಿಲ್ಲದ ಒಂದು ಇಲೆಕ್ಟ್ರಾನ್ ಇರುವುದರಿಂದ ಸುತ್ತಲಿನ ನೀರಿನ ವಿಶ್ರಾಂತಿಕಾಲ ಇಳಿದು, ಚಿತ್ರ ಬೆಳಗುತ್ತದೆ. ಅಂಗಾಂಶದ ರಾಸಾಯನಿಕ ಸ್ಥಿತಿಗೆ ಅನುಗುಣವಾದ ವೇಗದಲ್ಲಿ ದ್ರವ್ಯವು ಅಪಕರ್ಷಣಗೊಂಡು ಈ ಗುಣವನ್ನು ಕಳೆದುಕೊಳ್ಳುತ್ತದೆ, ಬೆಳಕು ಮಾಸುತ್ತದೆ. ಮಾಸುವ ವೇಗವೇ ಒತ್ತಡದ ಸೂಚಕ.

ಆದರೆ ಆ ಬೆಳಕು ಮಾಸಲು ಎರಡು ಕಾರಣಗಳುಂಟು. ದ್ರವ್ಯವು ಕೋಶದಲ್ಲಿ ಅಪಕರ್ಷಣಗೊಂಡಿರಬಹುದು. ಇಲ್ಲವೆ ರಕ್ತವೇ ಅದನ್ನು ಕೊಚ್ಚಿಕೊಂಡು ಹೋಗಿರಬಹುದು. ಗೆಡ್ಡೆಯಂತಹ ಅಂಗಾಂಶದಲ್ಲಿ ರಕ್ತಸಂಚಾರವೂ ವಿಷಮವಾಗಿರುವುದರಿಂದ ಈ ಎರಡನ್ನು ಬೇರ್ಪಡಿಸುವುದು ಸುಲಭವಲ್ಲ. ಸಂಕೇತದ ಬಲಾಬಲಕ್ಕೆ ವಸ್ತುವಿನ ಗುಣದಂತೆ ಅದರ ಚಲನೆಯೂ ಕಾರಣವಾಗಬಲ್ಲುದೆಂದು 1951ರ ಲೇಖನವು ತೋರಿಸಿದ್ದಿತು. ಕೇವಲ ಚಿತ್ರದ ಬಣ್ಣವನ್ನು ನೋಡಿ ಉತ್ಕರ್ಷಣ ಒತ್ತಡವನ್ನು ಘೋಷಿಸುವ ಬರಹಗಳನ್ನು ವಿದ್ಯಾರ್ಥಿಗಳು ಈ ದೃಷ್ಟಿಯಿಂದ ಪರಿಶೀಲಿಸಬೇಕೆಂದು ನನ್ನ ಅಭಿಪ್ರಾಯ.

ಅಮೆರಿಕದ ಬರ್ಕೊವಿಟ್ಸ್ ಮತ್ತು ಸಂಗಡಿಗರು 2010ರ ದಶಕದಲ್ಲಿ ಹೊರಗಿನ ಶೋಧಕ ದ್ರವ್ಯವನ್ನೇ ಬಿಟ್ಟರು. ಇಲಿಯ ಅಕ್ಷಿಪಟಲದಲ್ಲಿ ತಾನಾಗಿ ಹುಟ್ಟುವ ಉಗ್ರ ಸಂಯುಕ್ತಗಳಿಂದ ವಿಶ್ರಾಂತಿಕಾಲ ಇಳಿಯುವುದನ್ನು ಅಳೆದು, ಉತ್ಕರ್ಷಣರೋಧಕವನ್ನು ಕೊಟ್ಟಾಗ ಆ ಇಳಿತವು ಇಲ್ಲವಾಗುವುದೇ ಎಂದು ಪರೀಕ್ಷಿಸಿದರು. ಇಲ್ಲವಾದರೆ ಮಾತ್ರ ಅದನ್ನು ಒತ್ತಡದ ಫಲವೆಂದು ಎಣಿಸುವುದು ಅವರ ಕ್ರಮ.