ಉಪ್ಪೋ, ನರವೋ?

ದಿನವಿಡೀ ನಿಂತು ದುಡಿದ ಮೇಲೆ, ಇಲ್ಲವೆ ಗುಡ್ಡ ಹತ್ತಿಳಿದ ಮೇಲೆ, ಮೀನಖಂಡ ಗಂಟುಕಟ್ಟಿ ಹಿಡಿದುಕೊಂಡರೆ ನಮ್ಮ ಹಿರಿಯರು “ನರ ಹಿಡಿಯಿತು” ಎನ್ನುತ್ತಿದ್ದರು. ನಾಲ್ಕಕ್ಷರ ಕಲಿತ ನಾವು ಅದನ್ನು ತಿದ್ದಿ, “ನರವಲ್ಲ, ಸ್ನಾಯು; ಬೆವರಿನಲ್ಲಿ ಉಪ್ಪು ಹೋಗಿದೆ” ಎನ್ನುತ್ತೇವೆ. ಈ ಉಪ್ಪಿನ ಮಾತು ಎಲ್ಲಿಂದ ಬಂತು, ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ತಿಳಿಯುವುದು ಒಳ್ಳೆಯದು.

ಅದು ಬಂದದ್ದು ಆಟದ ಬಯಲಿನಿಂದಲ್ಲ, ಗಣಿಯಿಂದ. ಇಂಗ್ಲೆಂಡಿನ ಆಳವಾದ ಕಲ್ಲಿದ್ದಲು ಗಣಿಗಳಲ್ಲಿ ಬಿಸಿಗೆ ಬೆವರಿ, ಮೇಲಿಂದ ಮೇಲೆ ನೀರು ಕುಡಿಯುತ್ತಿದ್ದ ಕೆಲಸಗಾರರ ಕೈಕಾಲು, ಹೊಟ್ಟೆ ಸೆಟೆದುಕೊಳ್ಳುತ್ತಿದ್ದವು. 1923ರಲ್ಲಿ ಕೆ. ನೆವಿಲ್ ಮಾಸ್ ಎಂಬ ಸಂಶೋಧಕರು ಇದರ ಕಾರಣವನ್ನು ವಿವರಿಸಿದರು: ಉಪ್ಪು ಬೆವರಾಗಿ ಹೋಗುತ್ತದೆ, ಅದರ ಜಾಗಕ್ಕೆ ಬರಿಯ ನೀರು ಬರುತ್ತದೆ, ಕುಡಿಯುವ ನೀರಿಗೆ ಉಪ್ಪು ಬೆರೆಸಬೇಕು.

ಇದೇ ಪಾಠ ಅಮೆರಿಕದಲ್ಲಿ ಹೆಚ್ಚಿನ ಬೆಲೆಗೆ ದೊರೆಯಿತು. ಕೊಲರಾಡೊ ನದಿಗೆ ಹೂವರ್ ಅಣೆಕಟ್ಟು ಕಟ್ಟುತ್ತಿದ್ದಾಗ, 1931ರ ಬೇಸಿಗೆಯ ಉರಿಗೆ ಹತ್ತಕ್ಕೂ ಹೆಚ್ಚು ಕೂಲಿಗಾರರು ಸತ್ತರು. ಆ ಆಗಸ್ಟಿನಲ್ಲಿ ನಡೆದ ಮುಷ್ಕರದ ಬೇಡಿಕೆಗಳಲ್ಲಿ ಒಳ್ಳೆಯ ಕುಡಿಯುವ ನೀರೂ ಒಂದು. ಮುಷ್ಕರ ಸೋತಿತು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯದ ಡಿ. ಬಿ. ಡಿಲ್ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಬೆವರನ್ನೂ ರಕ್ತವನ್ನೂ ಅಳೆದರು. ಊಟದ ಮನೆಯಲ್ಲಿ ‘ನೀರು ಚೆನ್ನಾಗಿ ಕುಡಿಯಿರಿ’ ಎಂದಿದ್ದ ಸೂಚನೆಗೆ ‘ಉಪ್ಪೂ ಚೆನ್ನಾಗಿ ಹಾಕಿಕೊಳ್ಳಿ’ ಎಂಬ ಮಾತು ಸೇರಿತು.

ದುಡಿಯುವವರ ನೋವಿನಿಂದ ಹುಟ್ಟಿದ ಈ ತಿಳಿವಳಿಕೆ ಅವರ ಮಟ್ಟಿಗೆ ಸರಿಯೇ ಆಗಿತ್ತು. ತೊಡಕು ಬಂದದ್ದು ಅದನ್ನು ಎಲ್ಲ ಸೆಳೆತಕ್ಕೂ ಅನ್ವಯಿಸಿದಾಗ. ಉಪ್ಪು ಹೋಗುವುದು ಇಡೀ ಮೈಯಿಂದ. ಹಾಗಿದ್ದರೆ ಓಟಗಾರನಿಗೆ ದಣಿದ ಕಾಲೊಂದೇ ಏಕೆ ಸೆಳೆಯಬೇಕು? ತಣ್ಣೀರಲ್ಲಿ ಈಜುವವನಿಗೂ ಏಕೆ? ಸ್ನಾಯುವನ್ನು ಎಳೆದು ನೀಡಿದೊಡನೆ, ಒಂದು ಹರಳು ಉಪ್ಪೂ ಒಳಗೆ ಹೋಗದೆ, ನೋವು ಇಳಿಯುವುದೇಕೆ?

ದಕ್ಷಿಣ ಆಫ್ರಿಕದ ಮಾರ್ಟಿನ್ ಶ್ವೆಲ್ನುಸ್ 1997ರಲ್ಲಿ ಬೇರೆ ವಿವರಣೆ ಮುಂದಿಟ್ಟರು. ಸ್ನಾಯುವಿನೊಳಗಿನ ಒಂದು ಬಗೆಯ ಸಂವೇದಕಗಳು ಮಿದುಳುಬಳ್ಳಿಗೆ ‘ಬಿಗಿ’ ಎನ್ನುತ್ತವೆ; ಸ್ನಾಯುರಜ್ಜುವಿನಲ್ಲಿರುವವು ‘ಸಡಿಲಿಸು’ ಎನ್ನುತ್ತವೆ. ದಣಿವಿನಲ್ಲಿ ಎರಡನೆಯ ದನಿ ಕುಗ್ಗಿದಾಗ ಸ್ನಾಯು ಬಿಗಿದೇ ಉಳಿಯುತ್ತದೆ. ನೀಡಿದಾಗ ಆ ದನಿ ಮರಳುತ್ತದೆ. 2004ರಲ್ಲಿ ಅವರ ತಂಡ ದೂರದ ಓಟಗಾರರ ರಕ್ತ ಪರೀಕ್ಷಿಸಿದಾಗ, ಸೆಳೆತ ಬಂದವರಲ್ಲೂ ಬಾರದವರಲ್ಲೂ ಉಪ್ಪಿನಂಶದ ಮಹತ್ವದ ವ್ಯತ್ಯಾಸ ಕಾಣಲಿಲ್ಲ. 2010ರಲ್ಲಿ ಅಮೆರಿಕದ ಒಂದು ಪ್ರಯೋಗದಲ್ಲಿ ಸೌತೆ ಉಪ್ಪಿನಕಾಯಿಯ ಹುಳಿನೀರು ಸುಮಾರು ಒಂದೂವರೆ ನಿಮಿಷದಲ್ಲಿ ಸೆಳೆತ ಇಳಿಸಿತು. ಅಷ್ಟರಲ್ಲಿ ಉಪ್ಪು ರಕ್ತ ಸೇರಲಾರದು. ಗಂಟಲಿಗೆ ತಗುಲಿದ ಹುಳಿ ನರಗಳ ಮೂಲಕವೇ ಕೆಲಸ ಮಾಡಿರಬೇಕೆಂದು ಸಂಶೋಧಕರು ಊಹಿಸಿದರು. ದಣಿದ ಸ್ನಾಯು ಸುಮ್ಮನೆ ಅದುರುವುದೂ ನರದ ತುದಿಗಳ ಚಡಪಡಿಕೆಯೇ. ಬಹುಪಾಲು ವಿಶ್ರಾಂತಿಯಿಂದ ಶಮನವಾಗುತ್ತದೆ. ಜೊತೆಗೆ ಬಲ ಕುಂದಿದರೆ ವೈದ್ಯರನ್ನು ಕಾಣಬೇಕು.

ಹಾಗೆಂದು ಹಿರಿಯರಿಗೆ ಎಲ್ಲವೂ ಮೊದಲೇ ಗೊತ್ತಿತ್ತೆಂದು ಬೀಗಬೇಕಿಲ್ಲ. ಆಡುಮಾತಿನಲ್ಲಿ ರಕ್ತನಾಳವೂ ನರವೇ, ಸ್ನಾಯುರಜ್ಜುವೂ ನರವೇ. ಉಪ್ಪಿನ ವಾದವೂ ಪೂರ್ತಿ ಬಿದ್ದುಹೋಗಿಲ್ಲ. ಹೋಟೆಲಿನ ಒಲೆಯ ಮುಂದೆ ಹೊತ್ತುಗಟ್ಟಲೆ ಬೆವರುವ ನಮ್ಮ ಹುಡುಗನಿಗೆ ಉಪ್ಪು ಬೆರೆಸಿದ ಮಜ್ಜಿಗೆ ಬೇಕೇಬೇಕು. ಅವನು ಆ ಗಣಿಕೆಲಸಗಾರನ ಬಂಧು. ಸಂಜೆ ಅರ್ಧ ಗಂಟೆ ನಡೆದು ಬರುವ, ರಕ್ತದೊತ್ತಡವಿರುವ ನಮ್ಮಂಥವರು ಉಪ್ಪಿನ ಡಬ್ಬಿಗೆ ಕೈಹಾಕದೆ, ಕಾಲ್ಬೆರಳನ್ನು ಮೊಣಕಾಲಿನ ಕಡೆಗೆ ಮೆಲ್ಲನೆ ಎಳೆದು ಹಿಡಿದರೆ ಸಾಕು.