ಹಲ್ಲಿನ ಕುಳಿಯೊಳಗಿನ ಚಿನ್ನ

ಪ್ರೌಢಶಾಲೆಯ ಇತಿಹಾಸ ಪಠ್ಯಗಳಲ್ಲಿ ಅರಸರ ಕಿರೀಟಗಳ ವರ್ಣನೆ ಹೇರಳವಾಗಿದೆ. ಅವರ ಹಲ್ಲುಗಳ ಪ್ರಸ್ತಾಪ ಮಾತ್ರ ಎಲ್ಲಿಯೂ ಇಲ್ಲ. ಆದರೆ ಹುಳುಕು ಹಲ್ಲಿನ ನೋವು ಅರಸನನ್ನೂ ಆಳನ್ನೂ ಸಮಾನವಾಗಿ ಕಾಡಿದ್ದಲ್ಲವೇ? ನಿವೃತ್ತಿಯ ಬಳಿಕ ದವಡೆಹಲ್ಲೊಂದಕ್ಕೆ ‘ಇನ್ಲೇ’ ಕೂರಿಸಿಕೊಂಡಂದಿನಿಂದ ಈ ವಿಷಯದಲ್ಲಿ ನನ್ನ ಕುತೂಹಲ ಬೆಳೆಯಿತು. ಬಾಯಿಯ ಹೊರಗೆ ಸಿದ್ಧಪಡಿಸಿದ ಗಟ್ಟಿ ತುಂಡೊಂದನ್ನು, ಅಕ್ಕಸಾಲಿಗನು ಉಂಗುರಕ್ಕೆ ಹರಳು ಕೂರಿಸುವಂತೆ, ಹಲ್ಲಿನ ಕುಳಿಯಲ್ಲಿ ಅಂಟಿಸುವ ವಿಧಾನವದು.

ಹಲ್ಲಿನಲ್ಲಿ ಹರಳು ಕೂರಿಸುವ ಕೌಶಲ ಹೊಸದೇನಲ್ಲ. ಮಧ್ಯ ಅಮೆರಿಕದ ಮಾಯಾ ಜನರು ಸಾವಿರ ವರ್ಷಗಳಿಗೂ ಹಿಂದೆ ಜೀವಂತ ಮನುಷ್ಯರ ಮುಂಬಲ್ಲುಗಳಲ್ಲಿ ದುಂಡನೆಯ ರಂಧ್ರ ಕೊರೆದು, ಹಸಿರು ಜೇಡ್ ಶಿಲೆಯನ್ನೂ ಹೊಳೆಯುವ ಪೈರೈಟನ್ನೂ ಕೂರಿಸುತ್ತಿದ್ದರು. ಅವರ ಅಂಟು ಎಷ್ಟು ಬಲವಾದುದೆಂದರೆ ಉತ್ಖನನದಲ್ಲಿ ದೊರೆತ ಅನೇಕ ತಲೆಬುರುಡೆಗಳಲ್ಲಿ ಆ ಹರಳುಗಳು ಇಂದಿಗೂ ಕಳಚಿಲ್ಲ. ಆದರೆ ಅದು ಅಲಂಕಾರವೇ ಹೊರತು ಕೆಟ್ಟ ಹಲ್ಲಿನ ದುರಸ್ತಿಯಲ್ಲ.

ದುರಸ್ತಿಯ ಕಥೆ ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ್ದು. ಪಾದರಸ ಬೆರೆಸಿದ ಅಮಾಲ್ಗಮ್ ಅಗ್ಗವಾಗಿತ್ತಾದರೂ ಅಮೆರಿಕದ ದಂತವೈದ್ಯರಲ್ಲಿ ಅದರ ವಿಷಯವಾಗಿ ದೊಡ್ಡ ಜಗಳವೇ ನಡೆಯಿತು. 1840ರಲ್ಲಿ ಸ್ಥಾಪನೆಯಾದ ಅವರ ಮೊದಲ ರಾಷ್ಟ್ರೀಯ ಸಂಘವು ಆ ಜಗಳದಿಂದಲೇ ಒಡೆದು, 1856ರಲ್ಲಿ ಮುಚ್ಚಿಹೋಯಿತು. ಚಿನ್ನವೇ ಬೇಕೆಂದವರ ಪಾಡು ಬೇರೆ. ತೆಳುವಾದ ಚಿನ್ನದ ರೇಕಿನ ಚೂರುಗಳನ್ನು ಒಂದೊಂದಾಗಿ ಕುಳಿಯಲ್ಲಿಟ್ಟು ಪುಟ್ಟ ಸುತ್ತಿಗೆಯಿಂದ ಬಡಿದು ತುಂಬಬೇಕಾಗಿತ್ತು. ರೋಗಿಯು ಗಂಟೆಗಟ್ಟಲೆ ಬಾಯ್ದೆರೆದು ಆ ಪೆಟ್ಟುಗಳನ್ನು ಸಹಿಸಬೇಕು. ಬೇಡವೆಂದು ಎಷ್ಟು ಮಂದಿ ಹಲ್ಲನ್ನೇ ಕೀಳಿಸಿಕೊಂಡರೋ!

ಡೆಟ್ರಾಯ್ಟ್ ನಗರದ ಚಾರ್ಲ್ಸ್ ಲ್ಯಾಂಡ್ ಎಂಬ ದಂತವೈದ್ಯನು 1880ರ ದಶಕದಲ್ಲಿ ಪ್ಲಾಟಿನಂ ರೇಕಿನ ಅಚ್ಚಿನಲ್ಲಿ ಪಿಂಗಾಣಿಯ ತುಂಡುಗಳನ್ನು ಸುಟ್ಟು ತಯಾರಿಸುವ ಕ್ರಮವನ್ನು ರೂಪಿಸಿದನು. (1927ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ವಿಮಾನದಲ್ಲಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಈತನ ಮಗಳ ಮಗ.) ಅವು ನೋಡಲು ಚೆಂದ, ಆದರೆ ಅಗಿಯುವ ಒತ್ತಡಕ್ಕೆ ಒಡೆಯುತ್ತಿದ್ದವು.

1907ರ ಜನವರಿ 15ರಂದು ಷಿಕಾಗೋದ ವಿಲಿಯಂ ಟ್ಯಾಗರ್ಟ್ ನ್ಯೂಯಾರ್ಕಿನ ದಂತವೈದ್ಯರ ಸಭೆಯೊಂದರಲ್ಲಿ ತನ್ನ ವಿಧಾನವನ್ನು ಮಂಡಿಸಿದನು. ಕುಳಿಯಲ್ಲಿ ಮೇಣವನ್ನು ಒತ್ತಿ, ಹಲ್ಲಿನ ಆಕಾರಕ್ಕೆ ಕೆತ್ತಿ, ಹೊರತೆಗೆದು, ಗಾರೆಯಂತಹ ಮಿಶ್ರಣದಲ್ಲಿ ಹುದುಗಿಸಬೇಕು. ಅದನ್ನು ಕಾಯಿಸಿದಾಗ ಮೇಣ ಕರಗಿ ಉರಿದುಹೋಗುತ್ತದೆ. ಉಳಿದ ಟೊಳ್ಳಿಗೆ ಕರಗಿದ ಚಿನ್ನವನ್ನು ಅನಿಲದ ಒತ್ತಡದಿಂದ ನುಗ್ಗಿಸಬೇಕು. ಹೀಗೆ ಎರಕವಾದ ತುಂಡನ್ನು ಸಿಮೆಂಟಿನಿಂದ ಕೂರಿಸಿದರೆ ಮುಗಿಯಿತು. ಸುತ್ತಿಗೆಯ ಕಾಟವಿಲ್ಲ.

ಇದನ್ನು ಓದುವಾಗ ನಮ್ಮ ಎರಕದ ಶಿಲ್ಪಿಗಳ ನೆನಪಾಗದೆ ಇರದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಲೋಹದ ವಿಗ್ರಹಗಳನ್ನು ಎರೆಯುವ ಇದೇ ತತ್ತ್ವದ ವಿವರಣೆಯಿದೆ. ಮೇಣದ ವಿಗ್ರಹಕ್ಕೆ ಮಣ್ಣು ಬಳಿದು, ಒಣಗಿಸಿ, ಕಾಯಿಸಿ, ಲೋಹ ಹೊಯ್ಯುವುದು. ಮೇಣದ ತೂಕಕ್ಕೆ ಬೆಳ್ಳಿ ಹನ್ನೆರಡು ಪಟ್ಟು, ಚಿನ್ನ ಹದಿನಾರು ಪಟ್ಟು ಬೇಕೆಂಬ ಲೆಕ್ಕವೂ ಅಲ್ಲಿದೆ. ‘ಎಲ್ಲವೂ ನಮ್ಮಲ್ಲಿತ್ತು’ ಎಂದು ಎದೆಯುಬ್ಬಿಸುವವರ ಸಾಲಿಗೆ ನಾನು ಸೇರಿದವನಲ್ಲ. ಚಿನ್ನದ ಮಿಶ್ರಲೋಹವು ಆರಿ ಗಟ್ಟಿಯಾಗುವಾಗ ಶೇಕಡ 1.25ರಿಂದ 1.5ರಷ್ಟು ಕುಗ್ಗುತ್ತದೆ. ವಿಗ್ರಹದಲ್ಲಿ ಇದು ಯಾರ ಕಣ್ಣಿಗೂ ಬೀಳದು. ಹಲ್ಲಿನಲ್ಲಾದರೋ ಅಂಚಿನಲ್ಲಿ ಬಿರುಕುಳಿದು ಮತ್ತೆ ಹುಳುಕು ಹಿಡಿಯುತ್ತದೆ. ಅಷ್ಟೇ ಪ್ರಮಾಣದಲ್ಲಿ ಹಿಗ್ಗುವ ಅಚ್ಚಿನ ಮಿಶ್ರಣವನ್ನು ಕಂಡುಹಿಡಿಯಲು ಟ್ಯಾಗರ್ಟ್‌ನ ನಂತರದವರೂ ದಶಕಗಳ ಕಾಲ ಶ್ರಮಿಸಬೇಕಾಯಿತು.

ಟ್ಯಾಗರ್ಟ್ ತನ್ನ ವಿಧಾನಕ್ಕೆ ಪೇಟೆಂಟ್ ಪಡೆದು, ಬಳಸುವವರೆಲ್ಲ ಹಣ ಕೊಡಬೇಕೆಂದನು. ದಂತವೈದ್ಯರು ಒಪ್ಪದಿದ್ದಾಗ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಆಗ ಬೆಳಕಿಗೆ ಬಂದದ್ದು ಅಯೋವಾ ರಾಜ್ಯದ ಫಿಲ್‌ಬ್ರೂಕ್ ಎಂಬ ದಂತವೈದ್ಯನ ಹೆಸರು. ಆತನ ಎರಕದ ವಿಧಾನ 1897ರಲ್ಲಿಯೇ ಪ್ರಕಟವಾಗಿತ್ತು. ಅದನ್ನು ಗಮನಿಸಿದವರೇ ಇರಲಿಲ್ಲ. ಪೇಟೆಂಟ್ ಬಿದ್ದುಹೋಯಿತು. ಟ್ಯಾಗರ್ಟ್‌ನನ್ನು ದುರಾಸೆಯವನೆಂದು ಜರೆದವರುಂಟು. ನನಗೇನೋ ಹಾಗೆನಿಸುವುದಿಲ್ಲ. ಹತ್ತು ವರ್ಷ ಯಾರೂ ಕಣ್ಣೆತ್ತಿ ನೋಡದಿದ್ದ ವಿಚಾರವನ್ನು ಯಂತ್ರಸಹಿತ ಕೈಗೆಟುಕಿಸಿದವನು ಅವನೇ. ಆದರೂ ಹಲ್ಲುನೋವಿನಿಂದ ನರಳುವವನ ಪಕ್ಷ ವಹಿಸಿ ನೋಡಿದರೆ, ಆ ಜ್ಞಾನಕ್ಕೆ ಬೇಲಿ ಇಲ್ಲದಂತಾದದ್ದೇ ಒಳಿತಾಯಿತು ಎನ್ನುತ್ತೇನೆ.

ಮುಂದಿನ ಬದಲಾವಣೆ 1985ರದು. ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ವೆರ್ನರ್ ಮ್ಯೋರ್ಮನ್, ಎಂಜಿನಿಯರ್ ಮಾರ್ಕೋ ಬ್ರಾಂಡೆಸ್ಟೀನಿಯ ಜೊತೆಗೂಡಿ ರೂಪಿಸಿದ ಯಂತ್ರದಿಂದ ಹಲ್ಲಿನ ಕುಳಿಯನ್ನು ಕ್ಯಾಮರಾದಲ್ಲಿ ಸೆರೆಹಿಡಿದು, ಗಣಕದ ನೆರವಿನಿಂದ ಪಿಂಗಾಣಿಯ ಇನ್ಲೇ ಕೊರೆದು, ರೋಗಿ ಕುರ್ಚಿಯಿಂದ ಏಳುವ ಮೊದಲೇ ಕೂರಿಸಿದನು. ಆ ಯಂತ್ರದ ಹೆಸರು ‘ಸೆರೆಕ್’. ಇಲ್ಲಿ ಮೇಣಕ್ಕೆ ಕೆಲಸವಿಲ್ಲ. ಆದರೆ ಬಿಸಿಮಾಡಿದ ಪಿಂಗಾಣಿಯನ್ನು ಅಚ್ಚಿಗೆ ಒತ್ತಿ ಇನ್ಲೇ ತಯಾರಿಸುವ ಪ್ರಯೋಗಾಲಯಗಳಲ್ಲಿ ಮೇಣವನ್ನು ಕೆತ್ತಿ, ಹುದುಗಿಸಿ, ಉರಿಸುವ ಕ್ರಮ ಇಂದಿಗೂ ಉಳಿದಿದೆ. ದಂತವೈದ್ಯರಾಗಿರುವ ನನ್ನ ಶಿಷ್ಯರು ಯಾರಾದರೂ ಇದನ್ನು ಓದಿದರೆ, ಆ ಕೆಲಸವನ್ನು ಕಣ್ಣಾರೆ ಕಂಡದ್ದನ್ನು ನನಗೆ ಬರೆದು ತಿಳಿಸಿರಿ.